ಬೇಲಿಯೊಳಗಿನ ಚರಿತ್ರೆ

ಚಿತ್ರದುರ್ಗದ ಚರಿತ್ರೆಯೆಂದೊಡನೆ ನಮಗೆ ನೆನಪಾಗುವುದು ಏಳು ಸುತ್ತಿನ ಕೋಟೆ, ಮದಕರಿನಾಯಕನ ಶೌರ್ಯ, 1779ರಲ್ಲಿ ಹೈದರಾಲಿಯ ವಶವಾದ ದುರ್ಗ. ಆದರೆ ಕೋಟೆಯಿಂದ ಇಳಿದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಬಯಲಿಗೆ ಬಂದರೆ ಊರುಗಳಿಂದ ತುಸು ದೂರದಲ್ಲಿ ಗೊಲ್ಲರಹಟ್ಟಿಗಳು ಕಾಣಸಿಗುತ್ತವೆ. ಕುರಿ, ದನಗಳನ್ನೇ ನಂಬಿ, ಮುಳ್ಳುಬೇಲಿಯ ಮರೆಯಲ್ಲಿ ತಲೆತಲಾಂತರದಿಂದ ಬಾಳಿದ ಕಾಡುಗೊಲ್ಲರ ನೆಲೆಗಳಿವು. ಕೋಟೆಯ ಚರಿತ್ರೆಯನ್ನು ಬರೆದವರು ಇವರಿಗೆ ಕೊಟ್ಟ ಜಾಗ ಬಲು ಕಿರಿದು.

ಇವರನ್ನು ಕುರಿತು ಬೇರೆಯವರು ಬರೆದದ್ದುಂಟು. ಎಚ್. ವಿ. ನಂಜುಂಡಯ್ಯ ಮತ್ತು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಮೈಸೂರಿನ ಜಾತಿ ಬುಡಕಟ್ಟುಗಳನ್ನು ಕುರಿತು ಬರೆದ ಬೃಹತ್ ಸಂಪುಟಗಳಲ್ಲಿ ಗೊಲ್ಲರನ್ನು ಊರುಗೊಲ್ಲರು, ಕಾಡುಗೊಲ್ಲರು ಎಂದು ಬೇರ್ಪಡಿಸಿ ತೋರಿಸಿದ್ದಾರೆ. ಕಾಗದಪತ್ರಗಳಲ್ಲಿ ಮಾತ್ರ ಈ ಭೇದ ಉಳಿಯಲಿಲ್ಲ. ಎಲ್ಲರೂ ಬರಿಯ 'ಗೊಲ್ಲ'ರಾದರು. ಬಳಿಕ 'ಯಾದವ' ಎಂಬ ಹೆಸರು ಬಂದಿತು. ಶ್ರೀಕೃಷ್ಣನ ವಂಶದವರೆಂಬ ಗೌರವ ಅದರಲ್ಲಿತ್ತು, ಸಂಖ್ಯಾಬಲವೂ ಇತ್ತು. ಆದರೆ ಹಟ್ಟಿಯವರು ನಿತ್ಯ ನೆನೆಯುವುದು ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪರನ್ನು. ಹೀಗೆ ಹೊರಗಿನವರು ಕೊಟ್ಟ ಹೆಸರು ಒಂದು, ಮೇಲಕ್ಕೇರಲೆಂದು ತೊಟ್ಟ ಹೆಸರು ಮತ್ತೊಂದು. ಇವೆರಡರ ನಡುವೆ 'ನಾವು ಕಾಡುಗೊಲ್ಲರು' ಎಂಬ ಮಾತನ್ನು ಮತ್ತೆ ಎತ್ತಿ ಹೇಳಬೇಕಾಗಿ ಬಂದದ್ದೇ ಈ ಸಮುದಾಯದ ಇತ್ತೀಚಿನ ಚರಿತ್ರೆ.

ಅದಕ್ಕೆ ಅವರು ಒಡ್ಡುವ ಸಾಕ್ಷ್ಯ ಶಾಸನವಲ್ಲ, ಹಾಡು. ಹಿರಿಯೂರಿಗೆ ಹೊಂದಿಕೊಂಡ ಶಿರಾ ಸೀಮೆಯ ಕಳುವರಹಳ್ಳಿಯಲ್ಲಿ ಜುಂಜಪ್ಪನ ಗುಡಿ ಇದೆ. ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲನ್ನು ನುಡಿಸುತ್ತ ಅವನ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ದನಗಾಹಿ ವೀರನೊಬ್ಬನ ಬಾಳು, ಸೋದರಮಾವಂದಿರ ದ್ವೇಷ, ಹುಲ್ಲು ನೀರು ಅರಸಿ ನಡೆದ ಹಾದಿ ಇವೆಲ್ಲ ಅದರಲ್ಲಿವೆ. ರಾಜನಿಲ್ಲದ ಚರಿತ್ರೆಯೂ ಚರಿತ್ರೆಯೇ ಎಂದು ಒಪ್ಪಲು ನಮ್ಮ ಪಂಡಿತರಿಗೆ ಬಹುಕಾಲ ಹಿಡಿಯಿತು. ತೀ. ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯ, ನಂಬಿಕೆಗಳನ್ನು ಕುರಿತು ಮಹಾಪ್ರಬಂಧ ರಚಿಸಿದರು. ಚಳ್ಳಕೆರೆ ತಾಲ್ಲೂಕಿನ ಹಟ್ಟಿಯೊಂದರ ಸಿರಿಯಜ್ಜಿ ಹಾಡಿದ ಸಾವಿರಾರು ಸಾಲುಗಳನ್ನು ಕೃಷ್ಣಮೂರ್ತಿ ಹನೂರರು ಬರೆದುಕೊಂಡು ಪುಸ್ತಕವಾಗಿಸಿದರು. ಅಕ್ಷರ ಬಾರದ ಮುದುಕಿಯೊಬ್ಬಳು ಒಂದು ಜನಾಂಗದ ಗ್ರಂಥಭಂಡಾರವಾಗಿದ್ದಳು.

ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಬೇಕೆಂಬ ಬೇಡಿಕೆಯೂ ಇದೇ ಹೆಸರಿನ ಬಲದಿಂದ ಬೆಳೆಯಿತು. 2014ರಲ್ಲಿ ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಮಾಡಿತು. ತೊಡಕು ಇರುವುದು ಇಲ್ಲಿಯೇ. ಬುಡಕಟ್ಟು ಯಾವುದೆಂದು ನಿರ್ಣಯಿಸಲು ಸರ್ಕಾರ ಬಳಸುವುದು 1965ರ ಲೋಕೂರ್ ಸಮಿತಿಯ ಅಳತೆಗೋಲುಗಳನ್ನು: ಆದಿಮ ಲಕ್ಷಣಗಳು, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಹಿಂಜರಿಕೆ, ಹಿಂದುಳಿದಿರುವಿಕೆ. ತಮ್ಮ ಚರಿತ್ರೆಯನ್ನು ತಾವೇ ಬರೆಯಹೊರಟವರು ಕೊನೆಗೆ ತಮ್ಮನ್ನು 'ಆದಿಮ'ರೆಂದು ತಾವೇ ರುಜುವಾತು ಮಾಡಬೇಕು! ಆ ರುಜುವಾತಿಗೆ ಎಲ್ಲಕ್ಕಿಂತ ಎದ್ದು ಕಾಣುವ ಗುರುತು ಯಾವುದು? ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಸೂತಕದ ಕಟ್ಟಳೆ.

ಒಂದು ಕಡೆ ಈ ಕಟ್ಟಳೆ 'ವಿಶಿಷ್ಟ ಸಂಸ್ಕೃತಿ'ಯ ಕಡತ ಸೇರುತ್ತದೆ. ಇನ್ನೊಂದು ಕಡೆ ರಾಜ್ಯದ 2017ರ ಕಾಯಿದೆ ಅದನ್ನು ಅಮಾನವೀಯವೆಂದು ನಿಷೇಧಿಸುತ್ತದೆ. ಇವೆರಡರ ನಡುವೆ ಸರ್ಕಾರವೇ ಹಟ್ಟಿಗಳ ಬಳಿ ಹೆಂಗಸರು ಹೊರಗುಳಿಯಲೆಂದು 'ಕೃಷ್ಣ ಕುಟೀರ'ಗಳನ್ನು ಕಟ್ಟಿಸಿತು. ಮಳೆಗಾಳಿಗೆ ಗುಡಿಸಲಿಗಿಂತ ಅದು ಮೇಲೆಂಬುದು ನಿಜ. ಆದರೂ ಕಟ್ಟಳೆಗೆ ಸಿಮೆಂಟಿನ ಗೋಡೆ ದೊರೆತಂತಾಯಿತು, ಅದಕ್ಕೆ ಜುಂಜಪ್ಪನ ಹೆಸರಲ್ಲ, ಕೃಷ್ಣನ ಹೆಸರು. ಹೆಸರಿಗಾಗಿ ಹೋರಾಡಿದ ಜನ ಇದನ್ನು ಗಮನಿಸದೆ ಇದ್ದಾರೆಯೇ?

ತಮ್ಮನ್ನು ಹೊರಗಿಟ್ಟವರನ್ನು ಪ್ರಶ್ನಿಸುವ ಸಮುದಾಯ ತಾನು ಹೊರಗಿಟ್ಟವರ ಕಥೆಯನ್ನೂ ಬರೆದುಕೊಳ್ಳಬೇಕಾಗುತ್ತದೆ. ಇದು ಕಾಡುಗೊಲ್ಲರೊಬ್ಬರ ಮೇಲಿನ ಆರೋಪವಲ್ಲ, ನಾವೆಲ್ಲರೂ ಈ ಲೆಕ್ಕದಲ್ಲಿ ಸಾಲಗಾರರೇ. 2019ರ ಸೆಪ್ಟೆಂಬರಿನಲ್ಲಿ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಗೆ ಬಂದ ಚಿತ್ರದುರ್ಗದ ಅಂದಿನ ಲೋಕಸಭಾ ಸದಸ್ಯರನ್ನು, ಅವರು ದಲಿತರೆಂಬ ಕಾರಣಕ್ಕೆ, ಕೆಲವರು ಹೊರಗೇ ತಡೆದರು. ನಾಡೆಲ್ಲ ಗದ್ದಲವಾಯಿತು. ಕೆಲವೇ ದಿನಗಳಲ್ಲಿ ಹಟ್ಟಿಯವರು ಅವರನ್ನು ಮರಳಿ ಬರಮಾಡಿಕೊಂಡರು. ಅದಾಗಿ ನಾಲ್ಕು ವರ್ಷಗಳ ಮೇಲೆ, 2023ರ ಜುಲೈನಲ್ಲಿ, ತುಮಕೂರು ಸಮೀಪದ ಹಟ್ಟಿಯೊಂದರ ಹೊರಗೆ, ಮಳೆಗಾಲದ ಚಳಿಯಲ್ಲಿ, ಬಾಣಂತಿ ತಾಯಿಯೊಡನೆ ಗುಡಿಸಲಿನಲ್ಲಿದ್ದ ಹಸುಗೂಸೊಂದು ಜೀವ ಬಿಟ್ಟಿತು.