ನಿಝಾಮುದ್ದೀನ್ ಮರ್ಕಝ್: ಆರೋಪ ಮತ್ತು ತೀರ್ಪು

2020ರ ಮಾರ್ಚ್ ಅಂತ್ಯದಲ್ಲಿ ದೆಹಲಿಯ ನಿಝಾಮುದ್ದೀನ್ ಮರ್ಕಝ್‌ನಲ್ಲಿ ತಂಗಿದ್ದ ತಬ್ಲೀಗ್ ಜಮಾಅತ್‌ನವರಲ್ಲಿ ಕೊರೋನಾ ಸೋಂಕು ಪತ್ತೆಯಾದೊಡನೆ, ರೋಗದ ಸುದ್ದಿಯು ಒಂದು ಇಡೀ ಸಮುದಾಯದ ವಿಚಾರಣೆಯಾಗಿ ಮಾರ್ಪಟ್ಟಿತು. ‘ಕೊರೋನಾ ಜಿಹಾದ್’ ಎಂಬ ಪದ ಹುಟ್ಟಿಕೊಂಡಿತು. ಹಣ್ಣು, ತರಕಾರಿ ಮಾರುವ ಬಡವರನ್ನು ಹಲವೆಡೆ ಹೆಸರು ಕೇಳಿ ಬೀದಿಯಿಂದ ಅಟ್ಟಲಾಯಿತು. ಎಲ್ಲೋ ನಡೆದ ಘಟನೆಗಾಗಿ ಮುಸ್ಲಿಮರೆಲ್ಲರನ್ನೂ ದೂಷಿಸುವವರ ವಿರುದ್ಧ ಕ್ರಮ ಕೈಗೊಳ್ಳುವುದಾಗಿ ನಮ್ಮ ರಾಜ್ಯದ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಎಚ್ಚರಿಸಿದ್ದರು. ಅದನ್ನು ನಾವು ಮರೆಯಲಾಗದು.

ನಮ್ಮವರ ತಪ್ಪನ್ನೂ ಹೇಳಬೇಕು. ಆ ಸಭೆಯನ್ನು ಮುಂದೂಡಬಹುದಿತ್ತು. ಪ್ಲೇಗ್ ಇರುವ ನಾಡಿಗೆ ಹೋಗಬಾರದು, ಅಲ್ಲಿರುವವರು ಹೊರಬರಬಾರದು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಸಿರಿಯಾದಲ್ಲಿ ಪ್ಲೇಗ್ ಹಬ್ಬಿದೆಯೆಂದು ತಿಳಿದ ಖಲೀಫ ಉಮರ್(ರ) ಗಡಿಯ ಸರ್ಗ್‌ನಿಂದಲೇ ಹಿಂದಿರುಗಿದರು. ಅಲ್ಲಾಹನ ವಿಧಿಯಿಂದ ಓಡುವುದೇ ಎಂದು ಅಬೂ ಉಬೈದಾ(ರ) ಪ್ರಶ್ನಿಸಿದಾಗ, ಹಿಂದಿರುಗುವುದೂ ಅವನ ವಿಧಿಯೇ ಎಂಬರ್ಥದ ಉತ್ತರ ಕೊಟ್ಟರು. ಮುನ್ನೆಚ್ಚರಿಕೆ ಈಮಾನಿಗೆ ವಿರುದ್ಧವಲ್ಲ.

ಆದರೆ ಅವಿವೇಕ ಬೇರೆ, ಸಂಚು ಬೇರೆ. 2020ರ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು 29 ವಿದೇಶಿಯರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಆರಿಸಿರುವ ಸಂಭವವಿದೆಯೆಂದಿತು. ಡಿಸೆಂಬರಿನಲ್ಲಿ ದೆಹಲಿಯ ನ್ಯಾಯಾಲಯವೊಂದು 36 ವಿದೇಶಿಯರನ್ನು ಖುಲಾಸೆಗೊಳಿಸಿತು. ಇಂತಹ ಅತಿಥಿಗಳಿಗೆ ಆಶ್ರಯವಿತ್ತರೆಂಬ ಆರೋಪ ಹೊತ್ತಿದ್ದ 70 ಭಾರತೀಯರ ಮೇಲಿನ 16 ಎಫ್‌ಐಆರ್‌ಗಳನ್ನು ದೆಹಲಿ ಹೈಕೋರ್ಟ್ ರದ್ದುಪಡಿಸಿದ್ದು 2025ರ ಜುಲೈ 17ರಂದು. ಅಷ್ಟರಲ್ಲಿ ಐದು ವರ್ಷಗಳು ಕಳೆದಿದ್ದವು.