ಭಸ್ಮಕವ್ಯಾಧಿ ಮತ್ತು ದೊರೆಯದ ಸಲ್ಲೇಖನ: ಸಮಂತಭದ್ರರ ಕಥೆಯ ಒಂದು ಓದು

ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲದಲ್ಲಿ, ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದ ಪೀಠಿಕೆಯಲ್ಲಿ ಪೂರ್ವಸೂರಿಗಳನ್ನು ಸ್ಮರಿಸುತ್ತ ಸಮಂತಭದ್ರರಿಗೆ ಬಹಳ ಎತ್ತರದ ಸ್ಥಾನವನ್ನು ಕೊಟ್ಟರು. ಕವಿ, ಗಮಕಿ, ವಾದಿ, ವಾಗ್ಮಿ ಈ ನಾಲ್ವರಿಗೂ ಅವರ ಕೀರ್ತಿಯೇ ಶಿರೋಭೂಷಣವೆಂಬುದು ಅಲ್ಲಿನ ತಾತ್ಪರ್ಯ. ಆ ಸ್ತುತಿಯಲ್ಲಿ ರೋಗದ ಸುಳಿವೇ ಇಲ್ಲ. ಕ್ರಿ.ಶ. 1129ರ ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿಗೆ ಬಂದರೆ ಅವರು ಭಸ್ಮಕವ್ಯಾಧಿಯನ್ನು ಗೆದ್ದವರು, ಪದ್ಮಾವತಿಯ ಅನುಗ್ರಹ ಪಡೆದವರು, ಮಂತ್ರವಚನದಿಂದ ಚಂದ್ರಪ್ರಭ ಜಿನಬಿಂಬವನ್ನು ಬರಮಾಡಿಕೊಂಡವರು. ದೇವಚಂದ್ರನು 1838ರಲ್ಲಿ ಮುಗಿಸಿದ ರಾಜಾವಳೀ ಕಥೆಯಲ್ಲಿ ಇದು ಗುರು, ಅರಸು, ಪಟ್ಟಣಗಳಿರುವ ತುಂಬು ಕಥೆಯಾಗಿದೆ. ಸುಮಾರು ಸಾವಿರ ವರ್ಷಗಳಲ್ಲಿ ಬೆಳೆದ ಇಂಥ ಕಥೆಯಿಂದ ಆಚಾರ್ಯರ ಆರೋಗ್ಯಚರಿತ್ರೆಯನ್ನು ಬರೆಯಲಾಗದು. ಕೇಳಬಹುದಾದ ಪ್ರಶ್ನೆ ಬೇರೆ: ಪರಂಪರೆಯು ತನ್ನ ಅತಿ ಹರಿತವಾದ ತಾರ್ಕಿಕನಿಗೆ ರೋಗವನ್ನೇಕೆ ಕೊಟ್ಟಿತು, ಅದರಲ್ಲೂ ಈ ರೋಗವನ್ನೇ ಏಕೆ?

ಭಸ್ಮಕವೆಂದರೆ ತೀಕ್ಷ್ಣಾಗ್ನಿ. ಕಫ ಕ್ಷೀಣಿಸಿ, ವಾತದೊಡನೆ ಕೂಡಿದ ಪಿತ್ತ ಕೆರಳಿ ಜಠರಾಗ್ನಿ ಮಿತಿಮೀರಿದಾಗ ತಿಂದದ್ದೆಲ್ಲ ಬೂದಿಯಾಗುತ್ತದೆ. ಅನ್ನ ಸಿಗದಿದ್ದರೆ ಅದೇ ಅಗ್ನಿ ದೇಹಧಾತುಗಳನ್ನೇ ಸುಡುತ್ತದೆ ಎಂಬುದು ಆಯುರ್ವೇದದ ವಿವರಣೆ. ಗುರುವೂ ಸ್ನಿಗ್ಧವೂ ಆದ ಆಹಾರವನ್ನು ಮತ್ತೆ ಮತ್ತೆ, ಹೇರಳವಾಗಿ ಕೊಡುವುದೇ ಅದರ ಚಿಕಿತ್ಸೆ. (ಇಂದಿನ ವೈದ್ಯಶಾಸ್ತ್ರದ ಯಾವುದಾದರೊಂದು ಹೆಸರನ್ನು ಅದಕ್ಕೆ ಅಂಟಿಸುವ ಆತುರ ನಮಗೆ ಬೇಡ.) ಈಗ ದಿಗಂಬರ ಮುನಿಯ 28 ಮೂಲಗುಣಗಳನ್ನು ನೆನೆಯಬೇಕು. ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ಕೈಯನ್ನೇ ಪಾತ್ರೆಯಾಗಿಸಿಕೊಂಡು ಆಹಾರ. ನಡುವೆ ಅಂತರಾಯವಾದರೆ ಅಂದಿಗೆ ಅಷ್ಟೇ. ಜ್ವರವೋ ಕುಷ್ಠವೋ ಆಗಿದ್ದರೆ ವ್ರತದೊಳಗೇ ಇದ್ದು ಸಹಿಸಬಹುದಿತ್ತು. ಭಸ್ಮಕವು ವ್ರತದ ಬುಡಕ್ಕೇ ಕೊಡಲಿ ಹಾಕುವ ರೋಗ. ಅದರೊಡನೆ ಬದುಕಬೇಕಾದರೆ ಮುನಿಯಾಗಿ ಉಳಿಯಲಾಗದು, ಮುನಿಯಾಗಿಯೇ ಉಳಿಯುವುದಾದರೆ ಬದುಕಲಾಗದು. ಕಥೆಗಾರರ ಆಯ್ಕೆ ಎಷ್ಟು ನಿಖರವೆಂಬುದು ಇಲ್ಲಿ ತಿಳಿಯುತ್ತದೆ.

ರಾಜಾವಳೀ ಕಥೆಯ ಸಮಂತಭದ್ರರು ಮೊದಲು ಎರಡನೆಯ ದಾರಿಯನ್ನೇ ಹಿಡಿಯುತ್ತಾರೆ. ಮಣುವಕಹಳ್ಳಿಯಲ್ಲಿ ರೋಗ ಉಲ್ಬಣಿಸಿದಾಗ ಗುರುವಿನ ಬಳಿಗೆ ಹೋಗಿ ಸಲ್ಲೇಖನಕ್ಕೆ ಅನುಮತಿ ಬೇಡುತ್ತಾರೆ. ಗುರು ಒಪ್ಪುವುದಿಲ್ಲ. ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಇನ್ನೂ ಇದೆ, ಎಲ್ಲಿಯಾದರೂ ಯಾವ ವೇಷದಲ್ಲಾದರೂ ತೃಪ್ತಿಯಾಗುವಷ್ಟು ಉಂಡು ರೋಗವನ್ನು ಶಮನಗೊಳಿಸಿಕೊ, ಆಮೇಲೆ ಮರಳಿ ದೀಕ್ಷೆ ಪಡೆ ಎಂಬುದು ಅಪ್ಪಣೆಯ ಸಾರ. ಮಲ್ಲಿಷೇಣ ಪ್ರಶಸ್ತಿಯಲ್ಲಿಲ್ಲದ ಈ ಪ್ರಸಂಗವೇ ಇಡೀ ಕಥೆಯ ತಿರುಳೆಂದು ನನ್ನ ಭಾವನೆ. ಹೊಸ ಉದ್ದೇಶವು ಇಲ್ಲಿ ರೋಗ ವಾಸಿಯಾದ ಮೇಲೆ ಬಂದದ್ದಲ್ಲ. ರೋಗ ಅತ್ಯುಗ್ರವಾಗಿರುವಾಗಲೇ, ಸಾಯಲು ಸಿದ್ಧನಾದವನ ಕೈಗೆ ಕೊಟ್ಟದ್ದು. ಅದಕ್ಕೆ ತೆತ್ತ ಬೆಲೆ, ಅದುವರೆಗೆ ತನ್ನನ್ನು ತಾನಾಗಿಸಿದ್ದ ಮುನಿಲಿಂಗ.

ಪ್ರಭಾಚಂದ್ರನ ಕಥಾಕೋಶದ ಕಥೆಯಲ್ಲಿ ಅವರ ಬಾಯಲ್ಲಿ ಹೇಳಿಸಿರುವ ಪದ್ಯವೊಂದು ಆ ವೇಷಾಂತರಗಳನ್ನು ಊರೂರಿನ ಲೆಕ್ಕದಲ್ಲಿ ಕೊಡುತ್ತದೆ: ಕಾಂಚಿಯಲ್ಲಿ ನಗ್ನ ಮುನಿ, ಇನ್ನೊಂದೆಡೆ ಬೌದ್ಧ ಭಿಕ್ಷು, ದಶಪುರದಲ್ಲಿ ಮೃಷ್ಟಾನ್ನ ಉಣ್ಣುವ ಪರಿವ್ರಾಜಕ, ವಾರಾಣಸಿಯಲ್ಲಿ ಬೆಳ್ಳನೆಯ ತಪಸ್ವಿ. ಇದರಲ್ಲಿ ನಾಚಿಕೆಯ ಎಳೆಯಿಲ್ಲ. ಕೊನೆಗೆ ತಾನು ನಿರ್ಗ್ರಂಥವಾದಿಯೆಂದು ಸಾರಿ ವಾದಕ್ಕೆ ಕರೆಯುವ ದಿಟ್ಟತನವಿದೆ. ಮುಂದಿನದು ಪ್ರಸಿದ್ಧ: ಶಿವಕೋಟಿ ಅರಸನ ದೇಗುಲದಲ್ಲಿ ರಾಶಿ ನೈವೇದ್ಯವನ್ನು ಬಾಗಿಲು ಮುಚ್ಚಿಕೊಂಡು ತಾವೇ ಉಂಡದ್ದು, ರೋಗ ಇಳಿದಂತೆ ಅನ್ನ ಮಿಗತೊಡಗಿ ಗುಟ್ಟು ಬಯಲಾದದ್ದು, ಸ್ವಯಂಭೂಸ್ತೋತ್ರ ಹೇಳುತ್ತಿರುವಾಗ ಚಂದ್ರಪ್ರಭರ ಬಿಂಬ ಕಾಣಿಸಿಕೊಂಡದ್ದು. ಆ ದೇಗುಲ ಒಂದು ಕಥೆಯಲ್ಲಿ ವಾರಾಣಸಿಯದು, ಇನ್ನೊಂದರಲ್ಲಿ ಕಾಂಚಿಯದು. ಮತಗಳ ಪೈಪೋಟಿಯ ಕಾಲದ ಇಂಥ ಪವಾಡಗಳು ಎಲ್ಲ ಕಡೆಯೂ ಇವೆ. ಅಬ್ಬಲೂರಿನ ಏಕಾಂತದ ರಾಮಯ್ಯನ ಶಾಸನವನ್ನು ಓದಿದವರಿಗೆ ಹೊಸದಾಗಿ ಹೇಳಬೇಕಿಲ್ಲ. ನನಗೆ ಬಿಂಬಕ್ಕಿಂತ ಮಿಕ್ಕ ಅನ್ನವೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ರೋಗಿಯ ಗುಣವನ್ನು ಎಲೆಯಲ್ಲಿ ಉಳಿದ ಅನ್ನದಿಂದ ಅಳೆದ ಕಥೆಗಾರ ಮನೆಯಲ್ಲಿ ರೋಗಿಯನ್ನು ಕಂಡವನೇ ಇರಬೇಕು.

ಸಮಂತಭದ್ರರದೆಂದು ಪರಂಪರೆ ನಂಬುವ ರತ್ನಕರಂಡಕ ಶ್ರಾವಕಾಚಾರವನ್ನು ಇದರ ಪಕ್ಕದಲ್ಲಿಡಬೇಕು. (ಕರ್ತೃತ್ವದ ಬಗ್ಗೆ ಹೀರಾಲಾಲ ಜೈನರು ಸಂಶಯವೆತ್ತಿದರು, ಜುಗಲಕಿಶೋರ ಮುಖ್ತಾರರು ಅದನ್ನು ಸಮರ್ಥಿಸಿಕೊಂಡರು.) ಅಲ್ಲಿ ಸಲ್ಲೇಖನಕ್ಕೆ ಹೇಳಿದ ಸಂದರ್ಭಗಳು ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ಜೊತೆಗೆ ನಿಷ್ಪ್ರತೀಕಾರ ಎಂಬ ವಿಶೇಷಣವಿದೆ: ಪರಿಹಾರವಿಲ್ಲದ್ದು. ರೋಗ ಬಂದಿತೆಂಬುದಷ್ಟೇ ಸಾಲದು. ಅದೇ ಗ್ರಂಥ ರೋಗಿಗಳಾದ ಸಂಯಮಿಗಳ ಸೇವೆಯನ್ನು ವೈಯಾವೃತ್ಯವೆಂದು ಗೃಹಸ್ಥನಿಗೆ ವಿಧಿಸುತ್ತದೆ, ಕಾಯಿಲೆಯ ದೇಹಕ್ಕೆ ಹೇಸದ ನಿರ್ವಿಚಿಕಿತ್ಸೆಗೆ ಉದ್ದಾಯನ ರಾಜನನ್ನು ಹೆಸರಿಸುತ್ತದೆ. ಗುರುವಿನ ನಿರಾಕರಣೆಯನ್ನು ಆ ಒಂದು ವಿಶೇಷಣಕ್ಕೆ ಬರೆದ ವ್ಯಾಖ್ಯಾನವೆಂದು ಓದಬಹುದು.

ಬೇರೆ ಬಗೆಯ ನಿರ್ಧಾರಗಳಿಗೂ ಕನ್ನಡ ನಾಡು ಸಾಕ್ಷಿಯಾಗಿದೆ. 10ನೆಯ ಶತಮಾನದ ಆರಂಭದಲ್ಲಿ ಗಂಡನ ಮರಣಾನಂತರ ನಾಗರಖಂಡ 70ರ ಆಡಳಿತವನ್ನು ರಾಷ್ಟ್ರಕೂಟರಿಂದ ಪಡೆದು ಸಮರ್ಥವಾಗಿ ನಡೆಸಿದ ಜಕ್ಕಿಯಬ್ಬೆ, ರೋಗಪೀಡಿತಳಾದಾಗ ಅಧಿಕಾರವನ್ನು ಮಗಳಿಗೊಪ್ಪಿಸಿ ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನ ಕೈಗೊಂಡಳು. ಅವಳ ಕಾರ್ಯ ಕೈದಾಟಿಸಬಹುದಾದದ್ದು. ಕಥೆಯ ಗುರುವಿನ ದೃಷ್ಟಿಯಲ್ಲಿ ಸಮಂತಭದ್ರರದು ಹಾಗಲ್ಲ. ಇನ್ನು ಶಿವಕೋಟಿ ಎಂಬ ಹೆಸರು ಕನ್ನಡ ವಿದ್ಯಾರ್ಥಿಗೆ ವಡ್ಡಾರಾಧನೆಯನ್ನು ನೆನಪಿಸದಿರದು, ಇಬ್ಬರನ್ನೂ ಒಬ್ಬರೆನ್ನಲು ಆಧಾರವಿಲ್ಲದಿದ್ದರೂ. ಅಲ್ಲಿನ ಸನತ್ಕುಮಾರ ಮುನಿ ಮೈತುಂಬ ರೋಗ ಹೊತ್ತೂ, ವೈದ್ಯವೇಷದಲ್ಲಿ ಬಂದ ದೇವನನ್ನು ಸಂಸಾರವ್ಯಾಧಿಗೆ ನಿನ್ನಲ್ಲಿ ಮದ್ದಿದೆಯೇ ಎಂದು ಕೇಳಿ ಕಳಿಸುತ್ತಾನೆ. ಆ ಸಹನೆ ದೊಡ್ಡದು. ಆದರೆ ನೋವನ್ನೇ ಪುಣ್ಯವೆಂದು ಭಾವಿಸುವ ಅಪಾಯ ಅದರ ಓದುಗನಿಗಿದೆ.

ಆ ಅಪಾಯಕ್ಕೆ ಉತ್ತರ ಆಪ್ತಮೀಮಾಂಸೆಯಲ್ಲೇ ಇದೆ. 114 ಕಾರಿಕೆಗಳ ಈ ಕೃತಿ ಆರಂಭದಲ್ಲೇ ದೇವತೆಗಳ ಆಗಮನ, ಆಕಾಶಗಮನಗಳಂಥ ಪವಾಡಗಳನ್ನು ಮಹತ್ತ್ವದ ಗುರುತೆಂದು ಒಪ್ಪುವುದಿಲ್ಲ, ಅವು ಮಾಯಾವಿಗಳಲ್ಲೂ ಇವೆ. ಎರಡನೆಯ ಕಾರಿಕೆಯು ದೇಹದ ಅತಿಶಯವನ್ನೂ ತಳ್ಳಿಹಾಕುತ್ತದೆ, ರಾಗದ್ವೇಷವಿರುವ ದೇವತೆಗಳಲ್ಲೂ ಅದು ಇದೆಯಲ್ಲ! ಕೊನೆಯ ಭಾಗದಲ್ಲಿ ಪುಣ್ಯಪಾಪಗಳ ವಿಚಾರ ಬರುತ್ತದೆ. ತನಗೆ ತಾನು ನೋವು ಕೊಟ್ಟುಕೊಂಡ ಮಾತ್ರಕ್ಕೆ ಪುಣ್ಯ, ಸುಖಪಟ್ಟ ಮಾತ್ರಕ್ಕೆ ಪಾಪವೆನ್ನುವುದಾದರೆ ವೀತರಾಗ ಮುನಿಗೂ ಬಂಧ ತಪ್ಪದು ಎಂದು ಆಚಾರ್ಯರು ಆಕ್ಷೇಪಿಸುತ್ತಾರೆ. ಲೆಕ್ಕಕ್ಕೆ ಬರುವುದು ಚಿತ್ತದ ವಿಶುದ್ಧಿ ಅಥವಾ ಸಂಕ್ಲೇಶ. ಈ ಕಾರಿಕೆಗಳ ಮೇಲೆ ಅಕಲಂಕರು ಅಷ್ಟಶತಿಯನ್ನೂ ಅದರ ಮೇಲೆ ವಿದ್ಯಾನಂದರು ಅಷ್ಟಸಹಸ್ರಿಯನ್ನೂ ಬರೆದರು. ಎಂಟುನೂರಾಗಿ ಎಂಟುಸಾವಿರವಾಗಿ ಬೆಳೆದ ಆ ವ್ಯಾಖ್ಯಾನಗಳೇ, ಕಥೆಯ ಗುರು ಇನ್ನೂ ಇದೆಯೆಂದ ಕಾರ್ಯ.