ಸಂತ ಶಿಶುನಾಳ ಶರೀಫ

ಕನ್ನಡದ ತತ್ವಪದಕಾರರಲ್ಲಿ ಶಿಶುನಾಳ ಶರೀಫರದು (1819–1889) ದೊಡ್ಡ ಹೆಸರು. ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳ, ಅಂದರೆ ಶಿಶುನಾಳ, ಅವರ ಊರು. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಹುಲಗೂರಿನ ಸೂಫಿ ಸಂತ ಖಾದರ ಷಾವಲಿಗೆ ಹೊತ್ತ ಹರಕೆಯ ಫಲವಾಗಿ ಹುಟ್ಟಿದ ಮಗ ಎಂಬ ನಂಬಿಕೆ ಆ ಸೀಮೆಯಲ್ಲಿದೆ.

ಮುಲ್ಕಿ ಪರೀಕ್ಷೆ ಮುಗಿಸಿ ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದ ಶರೀಫರ ಬಾಳನ್ನು ತಿರುಗಿಸಿದವರು ಕಳಸದ ಗೋವಿಂದಭಟ್ಟರು. ಬ್ರಾಹ್ಮಣ ಗುರು ಮುಸಲ್ಮಾನ ಶಿಷ್ಯನಿಗೆ ಜನಿವಾರ ಹಾಕಿದರೆಂದು ಜನ ಇಂದಿಗೂ ಹೇಳುತ್ತಾರೆ. ಅದಕ್ಕಾಗಿ ಇಬ್ಬರೂ ತಮ್ಮ ತಮ್ಮವರ ಸಿಟ್ಟನ್ನು ಎದುರಿಸಿದರು. ಹೆಂಡತಿ ಫಾತಿಮಾ ಮತ್ತು ಮಗಳು ಬೇಗನೆ ತೀರಿಕೊಂಡ ಮೇಲೆ ಶರೀಫರು ಹಾಡುತ್ತಾ ಊರೂರು ಅಲೆದರು. ನವಲಗುಂದದ ನಾಗಲಿಂಗ ಸ್ವಾಮಿ, ಹುಬ್ಬಳ್ಳಿಯ ಸಿದ್ಧಾರೂಢರು ಅವರ ಕಾಲದವರೇ.

ಶರೀಫರ ಪದಗಳ ಅಂಕಿತ ‘ಶಿಶುನಾಳಾಧೀಶ’. ಪದಗಳ ಸತ್ವವಿರುವುದು ಅವರು ಆರಿಸಿಕೊಂಡ ವಸ್ತುಗಳಲ್ಲಿ. ಮಣ್ಣಿನ ಮಾಳಿಗೆಯ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಸೋರುವುದೆಂದರೇನೆಂದು ಗೊತ್ತು: ಎಲ್ಲೋ ಒಂದು ಬಿರುಕು, ಕತ್ತಲಲ್ಲಿ ತೊಟ್ಟಿಕ್ಕುವ ನೀರು, ಮೇಲೆ ಹತ್ತಿ ಮುಚ್ಚುವವರಿಲ್ಲ. ಅಜ್ಞಾನ ಕವಿದ ಬಾಳನ್ನು ಅವರು ಇಂಥ ಮನೆಯಾಗಿ ಕಂಡರು. ಕೋಳಿ, ಕೋಡಗ, ಗಿರಣಿ, ತೇರು ಎಲ್ಲವೂ ಪದವಾದವು. ಬೆಡಗಿನ ಪದಗಳ ಒಳಗುಟ್ಟು ಬಿಡಿಸಲಾಗದವರೂ ಅವನ್ನು ಬಾಯಿಪಾಠ ಮಾಡಿಕೊಂಡರು. ಮೊಹರಂನಲ್ಲಿ ಕರ್ಬಲಾ ಕಥೆ ಹಾಡುವವರಿಗಾಗಿ ರಿವಾಯತ ಪದಗಳನ್ನೂ ಕಟ್ಟಿಕೊಟ್ಟರು. ಎರಡು ಧರ್ಮಗಳನ್ನು ಬೆಸೆಯಬೇಕೆಂದು ಅವರು ಹೊರಟಂತೆ ಕಾಣುವುದಿಲ್ಲ. ಎರಡೂ ಅವರಿಗೆ ಮನೆಯ ಮಾತೇ ಆಗಿದ್ದವು.

ಆ ಕಾಲದಲ್ಲಿ ಶರೀಫರ ಊರಿದ್ದ ಧಾರವಾಡ ಸೀಮೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಮೈಸೂರು ಸಂಸ್ಥಾನದಲ್ಲಿದ್ದವು. ಪದಗಳಿಗೆ ಆ ಗಡಿ ಅಡ್ಡಬರಲಿಲ್ಲ. ಏಕತಾರಿ, ದಮ್ಮಡಿ ಹಿಡಿದ ಭಜನಾ ಮೇಳಗಳ ಬಾಯಲ್ಲಿ ಅವು ಈ ಊರುಗಳಿಗೂ ಬಂದು ನೆಲೆಸಿದವು. ಬರಹಕ್ಕಿಂತ ಕಂಠವೇ ಅವನ್ನು ಉಳಿಸಿದ್ದರಿಂದ ಒಂದೇ ಪದಕ್ಕೆ ಹಲವು ಪಾಠಗಳಿವೆ. ಸಿ. ಅಶ್ವತ್ಥರ ಗಾಯನ ಅವನ್ನು ಪೇಟೆಯ ಮನೆಗಳಿಗೂ ತಲುಪಿಸಿತು. ಟಿ.ಎಸ್. ನಾಗಾಭರಣ ನಿರ್ದೇಶಿಸಿದ, ಶ್ರೀಧರ್ ಶರೀಫರಾಗಿಯೂ ಗಿರೀಶ ಕಾರ್ನಾಡ್ ಗೋವಿಂದಭಟ್ಟರಾಗಿಯೂ ನಟಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಬಂತು.

ಶರೀಫರು ಹುಟ್ಟಿದ್ದೂ ತೀರಿಕೊಂಡದ್ದೂ ಒಂದೇ ತಾರೀಖಿನಂದು ಎನ್ನುತ್ತಾರೆ. ಅಂತ್ಯಕ್ರಿಯೆ ಹಿಂದೂ, ಮುಸ್ಲಿಂ ಎರಡೂ ಪದ್ಧತಿಯಂತೆ ನಡೆಯಿತೆಂಬುದು ಪ್ರತೀತಿ. ಶಿಶುನಾಳದ ಅವರ ಗದ್ದುಗೆಯಲ್ಲಿ ಇಂದಿಗೂ ಹಿಂದೂಗಳು ಕಾಯಿ ಒಡೆಸುತ್ತಾರೆ, ಮುಸಲ್ಮಾನರು ಸಕ್ಕರೆ ಓದಿಸುತ್ತಾರೆ.